ಲೋರಿಯಲ್ ಕಂಪನಿಯ ಚರಿತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೂದಲ ಬಣ್ಣದ ರಸಾಯನಶಾಸ್ತ್ರದ ಬಗ್ಗೆ ನಾನು ಎಲ್ಲಿ ಮಾತಾಡಿದರೂ ಮಾತು ಕೊನೆಗೆ ಬಂದು ನಿಲ್ಲುವುದು ಪ್ಯಾರಿಸ್ಸಿನ ಒಂದೇ ಕಂಪನಿಯ ಬಾಗಿಲಲ್ಲಿ. ಭಾಷಣ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಬಂದವರು ಕೇಳಿದ್ದು, ಆಮೇಲೆ ಪತ್ರ ಬರೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಮುಜುಗರದವು ಕೊನೆಗೆ.

## ಮೊದಲು ತಿಳಿಯಬೇಕಾದ್ದು

ಲೋರಿಯಲ್ ಅನ್ನಬೇಕೋ ಲೋರೆಯಾಲ್ ಅನ್ನಬೇಕೋ? ಆ ಹೆಸರಿಗೆ ಅರ್ಥ ಇದೆಯಾ?

ಫ್ರೆಂಚರ ಬಾಯಲ್ಲಿ ಅದು 'ಲೋರೆಯಾಲ್'ಗೆ ಹತ್ತಿರ. ನಮ್ಮ ಅಂಗಡಿಗಳಲ್ಲಿ 'ಲೋರಿಯಲ್' ಎಂದೇ ಕೇಳುವುದರಿಂದ ನಾನೂ ಹಾಗೇ ಬರೆಯುತ್ತೇನೆ. ಮೊದಲಿನ 'ಲ'ಕಾರ ನಿಜಕ್ಕೂ ಹೆಸರಿನ ಭಾಗವಲ್ಲ. ಫ್ರೆಂಚಿನಲ್ಲಿ ನಾಮಪದದ ಹಿಂದೆ ಬಂದು ಅಂಟಿಕೊಳ್ಳುವ ಅಕ್ಷರ ಅದು. ಅದನ್ನು ತೆಗೆದರೆ ಉಳಿಯುವುದು 'ಒರೆಯಾಲ್'. 1905ರ ಸುಮಾರಿಗೆ ಪ್ಯಾರಿಸ್ಸಿನ ಹೆಂಗಸರು ಮುಖದ ಸುತ್ತ ಕೂದಲನ್ನು ಉಬ್ಬಿಸಿ ಎತ್ತಿ ಕಟ್ಟುತ್ತಿದ್ದರು. ಆ ವಿನ್ಯಾಸಕ್ಕೆ 'ಒರೆಯೋಲ್' ಎಂದು ಹೆಸರು. ನಮ್ಮ ಉತ್ಸವಮೂರ್ತಿಯ ಹಿಂದೆ ನಿಲ್ಲಿಸುವ ಪ್ರಭಾವಳಿಯನ್ನು ನೆನೆಸಿಕೊಳ್ಳಿ, ಆ ಪದದ ಅರ್ಥವೂ ಅದೇ. ಫ್ರೆಂಚಿನಲ್ಲಿ 'ಒರ್' ಎಂದರೆ ಚಿನ್ನ. ಕೇಳಿದವರ ಕಿವಿಗೆ ಆ ಧ್ವನಿಯೂ ಬಿದ್ದಿರಬೇಕು.

ಶುರು ಮಾಡಿದವರು ಯಾರು? ಕ್ಷೌರಿಕರಾ, ಡಾಕ್ಟರಾ?

ಎರಡೂ ಅಲ್ಲ, ರಸಾಯನಶಾಸ್ತ್ರಜ್ಞ. ಯೂಜೀನ್ ಶುಯೆಲ್ಲರ್ 1881ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ತಂದೆತಾಯಿ ಸಿಹಿತಿಂಡಿಯ ಬೇಕರಿ ಇಟ್ಟುಕೊಂಡಿದ್ದರು. 1904ರಲ್ಲಿ ಪ್ಯಾರಿಸ್ಸಿನ ಅನ್ವಯಿಕ ರಸಾಯನಶಾಸ್ತ್ರ ಸಂಸ್ಥೆಯಿಂದ ಪದವಿ ಪಡೆದು ಸೋರ್ಬಾನ್‌ನಲ್ಲಿ ಪ್ರಾಧ್ಯಾಪಕ ವಿಕ್ಟರ್ ಓಜೆಯವರ ಸಹಾಯಕನಾದ. ಹಾಗೇ ಇದ್ದಿದ್ದರೆ ಅವನೂ ಒಬ್ಬ ಪ್ರೊಫೆಸರ್ ಆಗಿ ನಿವೃತ್ತನಾಗುತ್ತಿದ್ದನೋ ಏನೋ.

ಒಂದು ದಿನ ಪ್ಯಾರಿಸ್ಸಿನ ಸಲೂನಿನವನೊಬ್ಬ ವಿಶ್ವವಿದ್ಯಾಲಯಕ್ಕೇ ಬಂದು, ಕೃತಕ ಬಣ್ಣವೊಂದನ್ನು ತಯಾರಿಸಿಕೊಡುವ ಹುಡುಗ ಯಾರಾದರೂ ಇದ್ದಾರಾ ಎಂದು ವಿಚಾರಿಸಿದ. ಸಂಜೆಯ ಹೊತ್ತು ಮಾಡುವ ಕೆಲಸ. ಉಳಿದವರಿಗೆ ಅದು ಹಗುರವಾಗಿ ಕಂಡಿತು, ಶುಯೆಲ್ಲರ್ ಒಪ್ಪಿಕೊಂಡ. ಸಲೂನಿನವನ ಜೊತೆ ಹೆಚ್ಚು ದಿನ ಸರಿಹೋಗಲಿಲ್ಲ. ಬಣ್ಣದ ಹುಚ್ಚು ಮಾತ್ರ ಹಿಡಿದುಬಿಟ್ಟಿತ್ತು. ಉಳಿತಾಯದ 800 ಫ್ರಾಂಕ್ ಹಿಡಿದುಕೊಂಡು ಅಲ್ಜೀರ್ ಬೀದಿಯಲ್ಲಿ ಎರಡು ಕೋಣೆಯ ಮನೆ ಹಿಡಿದ. ಊಟದ ಕೋಣೆಯಲ್ಲಿ ಗಿರಾಕಿಗಳಿಗೆ ತೋರಿಸುವುದು, ಮಲಗುವ ಕೋಣೆಯಲ್ಲಿ ಬಣ್ಣ ಕುದಿಸುವುದು. ಹಗಲು ಹೊತ್ತು ಸಲೂನಿಂದ ಸಲೂನಿಗೆ ಅಲೆದು ತಾನೇ ಮಾರುತ್ತಿದ್ದ.

ಅದಕ್ಕೂ ಮುಂಚೆ ಜನ ನರೆಗೆ ಏನೂ ಹಚ್ಚುತ್ತಿರಲಿಲ್ಲವಾ?

ಹಚ್ಚುತ್ತಿದ್ದರು, ಪಾಡು ಪಡುತ್ತಿದ್ದರು. ಮದರಂಗಿ ಯೂರೋಪಿನಲ್ಲೂ ಇತ್ತು, ಆದರೆ ಕೆಂಪು ಬಿಟ್ಟು ಬೇರೆ ಛಾಯೆ ಅದರಿಂದ ಹೊರಡುವುದಿಲ್ಲ. ಕಪ್ಪು ಬೇಕೆಂದವರಿಗೆ ಸೀಸದ ಲವಣ ಅಥವಾ ಬೆಳ್ಳಿಯ ಲವಣ ಬೆರೆಸಿದ ನೀರು. ಲೋಹದ ಕಣಗಳು ಕೂದಲ ಮೇಲೆ ಕೂತು ಕಪ್ಪಾಗುತ್ತಿದ್ದವು. ಆ ಕಪ್ಪಿಗೆ ಜೀವ ಇರುತ್ತಿರಲಿಲ್ಲ. ಕೆಲವೊಮ್ಮೆ ಹಸಿರು ಹೊಡೆಯುತ್ತಿತ್ತು, ಕೂದಲು ತಂತಿಯಂತಾಗುತ್ತಿತ್ತು, ಸೀಸವಂತೂ ವಿಷ. ಮರ್ಯಾದಸ್ಥ ಹೆಂಗಸರು ಬಣ್ಣ ಹಚ್ಚುವುದಿಲ್ಲ ಎಂಬ ಮಾತು ಬೇರೆ ಇತ್ತು. ಹಚ್ಚಿಕೊಂಡವರು ಹೇಳಿಕೊಳ್ಳುತ್ತಿರಲಿಲ್ಲ.

ಈ ಹಿನ್ನೆಲೆ ಗೊತ್ತಿದ್ದರೆ ಶುಯೆಲ್ಲರ್ ತನ್ನ ಕಂಪನಿಗೆ ಇಟ್ಟ ಮೊದಲ ಹೆಸರು ಅರ್ಥವಾಗುತ್ತದೆ. ಅದನ್ನು ಕನ್ನಡಕ್ಕೆ ತಂದರೆ 'ಕೂದಲಿಗೆ ಅಪಾಯವಿಲ್ಲದ ಬಣ್ಣಗಳ ಫ್ರೆಂಚ್ ಸಂಘ'. ಸೌಂದರ್ಯದ ಮಾತೇ ಅದರಲ್ಲಿಲ್ಲ. ಭಯ ಹೋಗಲಾಡಿಸುವುದೇ ಅವನು ಮಾರಿದ ಮೊದಲ ಸರಕು. ನನ್ನ ಪ್ರಕಾರ ಈ ಕಂಪನಿಯ ಚರಿತ್ರೆಯನ್ನು ಆ ಒಂದು ಪದ ಹಿಡಿದುಕೊಂಡೇ ಓದಬೇಕು.

ಒಂದು ಕಡೆ 1907 ಅಂತಾರೆ, ಇನ್ನೊಂದು ಕಡೆ 1909. ಯಾವುದು ಸರಿ?

ಬಣ್ಣ ಸಿದ್ಧವಾದದ್ದು 1907ರಲ್ಲಿ, ಕಂಪನಿ ನೋಂದಣಿಯಾದದ್ದು 1909ರ ಜುಲೈ 30ರಂದು. ನಡುವಿನ ಎರಡು ವರ್ಷ ಮೇಲೆ ಹೇಳಿದ ಮಲಗುವ ಕೋಣೆಯ ಕಾಲ. ಎಪರ್ನೇ ಊರಿನ ಆಂದ್ರೆ ಸ್ಪೆರಿ ಎಂಬ ಲೆಕ್ಕಿಗ 25,000 ಫ್ರಾಂಕ್ ಹಾಕಿ ಪಾಲುದಾರನಾದ ಮೇಲೆ ವ್ಯವಹಾರಕ್ಕೆ ಬಲ ಬಂತು. ಲೋರಿಯಲ್ ಎಂಬುದೇ ಕಂಪನಿಯ ಅಧಿಕೃತ ಹೆಸರಾದದ್ದು ತೀರ ತಡವಾಗಿ, 1939ರಲ್ಲಿ.

ಗಾರ್ನಿಯರ್, ಮೇಬೆಲಿನ್, ಲಾಂಕೋಮ್ ಎಲ್ಲಾ ಒಂದೇ ಕಂಪನಿನಾ? ನಾನು ಬೇರೆ ಬೇರೆ ಅಂದ್ಕೊಂಡು ಬದಲಾಯಿಸ್ತಾ ಇದ್ದೆ!

ಒಂದೇ ಕಂಪನಿ, ಆದರೆ ಹುಟ್ಟಿದ್ದು ಬೇರೆ ಬೇರೆ ಮನೆಯಲ್ಲಿ. ಗಾರ್ನಿಯರ್ 1904ರದು, ಲೋರಿಯಲ್‌ಗಿಂತ ಹಿರಿಯ. 1965ರಲ್ಲಿ ಇವರ ಕೈಸೇರಿತು. ಲಾಂಕೋಮ್ ಅನ್ನು 1935ರಲ್ಲಿ ಶುರು ಮಾಡಿದವನು ಆರ್ಮಾಂ ಪೆತಿಜಾಂ. ಅದೇ ವರ್ಷ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಐದು ಸುಗಂಧಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದ. 1964ರಲ್ಲಿ ಅದನ್ನು ಕೊಂಡರು. ಮೇಬೆಲಿನ್ ಅಮೆರಿಕದ್ದು, 1915ರಿಂದ ಇತ್ತು. ಮೇಬಲ್ ಎಂಬ ಅಕ್ಕನ ಹೆಸರಿಗೆ ವ್ಯಾಸಲೀನ್ ಪದದ ಬಾಲ ಸೇರಿ ಆ ಹೆಸರಾಯಿತು. ಇವರಿಗೆ ಬಂದದ್ದು 1996ರಲ್ಲಿ. ಕೀಲ್ಸ್ 2000ದಲ್ಲಿ, ಸೆರಾವೆ 2017ರಲ್ಲಿ, ಈಸಪ್ 2023ರಲ್ಲಿ. ಕೆರಾಸ್ಟಾಸ್ ಮಾತ್ರ ಮನೆಯಲ್ಲೇ ಹುಟ್ಟಿದ ಕೂಸು, 1964ರದು.

ಹಳೆಯ ಹೆಸರನ್ನು ಅಳಿಸದೆ ಉಳಿಸಿಕೊಳ್ಳುವುದು ಇವರ ಪದ್ಧತಿ. ಆದ್ದರಿಂದ ನೀವು ಬ್ರ್ಯಾಂಡ್ ಬದಲಾಯಿಸಿದರೂ ದುಡ್ಡು ಅದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು.

## ಬೆಳೆದ ಬಗೆ

ಸಲೂನಿನವರು ಇವರನ್ನೇ ಯಾಕೆ ನಂಬಿದರು? ಬೇರೆ ಡೈ ಕಂಪನಿಗಳೇ ಇರಲಿಲ್ಲವಾ?

ಇದ್ದವು. ಶುಯೆಲ್ಲರ್ ಮಾಡಿದ ಜಾಣತನ ಏನೆಂದರೆ, ಬಣ್ಣ ಹಚ್ಚಿಸಿಕೊಳ್ಳುವವರನ್ನು ಬಿಟ್ಟು ಹಚ್ಚುವವರನ್ನು ಹಿಡಿದ. 1909ರಲ್ಲೇ ಕೇಶವಿನ್ಯಾಸಕರಿಗೆಂದು 'ಲಾ ಕುವಾಫ್ಯೂರ್ ದ ಪಾರೀ' ಪತ್ರಿಕೆಯಲ್ಲಿ ಕೈಜೋಡಿಸಿ, ಬಣ್ಣದ ತಂತ್ರವನ್ನು ಅದರಲ್ಲಿ ಬರೆದ. ಬಣ್ಣ ಬೆರೆಸಿ ಹಚ್ಚುವ ವಿದ್ಯೆ ಹೇಳಿಕೊಡಲು ಶಾಲೆ ತೆರೆದ. ಸಲೂನಿನವನು ಕಲಿತದ್ದು ಈ ಬಣ್ಣದಲ್ಲಿ, ಕೈ ಪಳಗಿದ್ದು ಈ ಬಣ್ಣದಲ್ಲಿ. ಗಿರಾಕಿಯ ತಲೆ ಹಾಳಾದರೆ ಹೋಗುವುದು ಅವನ ಮಾನ. ಒಮ್ಮೆ ಒಗ್ಗಿದ್ದನ್ನು ಅಷ್ಟು ಸುಲಭಕ್ಕೆ ಬಿಡುತ್ತಾನೆಯೇ? 1912ರ ಹೊತ್ತಿಗೆ ಹಾಲೆಂಡ್, ಆಸ್ಟ್ರಿಯಾ, ಇಟಲಿಗಳಲ್ಲೂ ಮಾರಾಟ ನಡೆದಿತ್ತು.

ಮೊದಲ ಮಹಾಯುದ್ಧದಲ್ಲಿ ಶುಯೆಲ್ಲರ್ ಫಿರಂಗಿ ದಳಕ್ಕೆ ಹೋದಾಗ ಕಂಪನಿ ನಡೆಸಿದವಳು ಹೆಂಡತಿ ಲೂಯಿಸ್. ಅವನು ಬಂದಾಗ ವ್ಯವಹಾರ ಗಟ್ಟಿಯಾಗೇ ಇತ್ತು. ಚರಿತ್ರೆ ಬರೆದವರು ಆಕೆಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಯುದ್ಧ ಮುಗಿದ ಮೇಲೆ ಹೆಂಗಸರು ಜಡೆ ಕತ್ತರಿಸಿ ಬಾಬ್ ಮಾಡಿಸಿಕೊಂಡರು. ಮನೆಯಲ್ಲೇ ತುರುಬು ಕಟ್ಟಿಕೊಳ್ಳುತ್ತಿದ್ದವರು ತಿಂಗಳು ತಿಂಗಳೂ ಸಲೂನಿನ ಕುರ್ಚಿಯಲ್ಲಿ ಕೂರುವಂತಾಯಿತು. 1929ರಲ್ಲಿ ಬಂದ 'ಇಮೇದಿಯಾ' ಎಂಬ ಬೇಗ ಹಿಡಿಯುವ ಡೈ ಈ ಹೊಸ ಗಿರಾಕಿಗಳಿಗೆ ಹೇಳಿ ಮಾಡಿಸಿದಂತಿತ್ತು.

ಬಣ್ಣ ಮಾರುತ್ತಿದ್ದವರು ಶಾಂಪೂ, ಬಿಸಿಲಿನ ಎಣ್ಣೆಗೆಲ್ಲ ಹೇಗೆ ಬಂದರು?

1928ರಲ್ಲಿ ಮೋನ್‌ಸಾವೋಂ ಎಂಬ ಸೋಪಿನ ಕಂಪನಿ ಕೊಂಡದ್ದು ಮೊದಲ ಹೆಜ್ಜೆ. ಅಲ್ಲಿಯವರೆಗೆ ಸಲೂನಿನ ಒಳಗಿದ್ದವರು ಬಚ್ಚಲುಮನೆಗೆ ಕಾಲಿಟ್ಟರು. 1934ರಲ್ಲಿ 'ಡಾಪ್' ಶಾಂಪೂ ಬಂತು. ತಲೆಯನ್ನು ವಾರಕ್ಕೊಮ್ಮೆ ತೊಳೆಯುವುದೂ ಆಗ ಫ್ರಾನ್ಸಿನಲ್ಲಿ ವಾಡಿಕೆಯಿರಲಿಲ್ಲ, ಅಭ್ಯಾಸವನ್ನೇ ಕಲಿಸಬೇಕಿತ್ತು. ರೇಡಿಯೋದಲ್ಲಿ ಹಾಡು ಹಾಡಿಸಿದರು. ಆಮೇಲಿನ ವರ್ಷಗಳಲ್ಲಿ ಸರ್ಕಸ್ ಡೇರೆಗಳಲ್ಲಿ ಮಕ್ಕಳಿಗೆ ಯಾರ ತಲೆಯಲ್ಲಿ ಹೆಚ್ಚು ನೊರೆ ಎಂಬ ಪಂದ್ಯ ಇಟ್ಟರು. ಮಕ್ಕಳು ಮನೆಗೆ ಹೋಗಿ ಹಠ ಹಿಡಿದರೆ ಸಾಕಲ್ಲ.

'ಆಂಬ್ರ್ ಸೊಲೇರ್' ಎಂಬ ಬಿಸಿಲಿನ ಎಣ್ಣೆ ಬಂದದ್ದು 1935ರಲ್ಲಿ. ಮರುವರ್ಷವೇ ಫ್ರಾನ್ಸಿನಲ್ಲಿ ಎಡಪಕ್ಷಗಳ ಪಾಪ್ಯುಲರ್ ಫ್ರಂಟ್ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ತಂದಿತು. ಹುಟ್ಟಿದಾಗಿನಿಂದ ಸಮುದ್ರ ನೋಡದವರು ರೈಲು ಹತ್ತಿ ಕಡಲತಡಿಗೆ ಹೋದರು, ಎಣ್ಣೆ ಬಾಟಲಿ ಖಾಲಿಯಾಯಿತು. ಎಡಪಂಥವನ್ನು ಕಂಡರಾಗದ ಶುಯೆಲ್ಲರ್‌ನ ಜೇಬು ತುಂಬಿಸಿದ್ದು ಎಡಪಂಥೀಯರ ಕಾನೂನು!

ಸೋಪಿನ ಕಂಪನಿಯನ್ನು ಮಾತ್ರ 1960ರ ದಶಕದ ಆರಂಭದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ ಮಾರಿದರು. 1963ರಲ್ಲಿ ಪ್ಯಾರಿಸ್ ಷೇರುಪೇಟೆಗೆ ಬಂದರು. ಸಾಲಾಗಿ ಕಂಪನಿಗಳನ್ನು ಕೊಳ್ಳುವ ಕಾಲ ಅಲ್ಲಿಂದ ಶುರು.

ಡೈ ಕೂದಲೊಳಗೆ ಏನು ಮಾಡುತ್ತೆ? ನೂರು ವರ್ಷದ ಹಿಂದಿನ ಕೆಮಿಸ್ಟ್ರಿಯೇ ಈಗಲೂ ನಡೀತಿದೆಯಾ?

ಬುಡದಲ್ಲಿ ಅದೇ. ಕೂದಲಿನ ಹೊರಮೈ ಮಂಗಳೂರು ಹೆಂಚಿನ ಮಾಡು ಇದ್ದ ಹಾಗೆ, ಒಂದರ ಮೇಲೊಂದು ಪದರ. ಅಮೋನಿಯಾ ಆ ಹೆಂಚುಗಳನ್ನು ಸ್ವಲ್ಪ ಎತ್ತುತ್ತದೆ. ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ ಬಣ್ಣವಿಲ್ಲದ ಪುಟ್ಟ ಅಣುಗಳು ಆ ಸಂದಿಯಲ್ಲಿ ಒಳಗೆ ನುಸುಳುತ್ತವೆ. ಜೊತೆಗೆ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಎರಡು ಕೆಲಸ ಮಾಡುತ್ತದೆ: ಕೂದಲ ಸ್ವಂತ ಬಣ್ಣವನ್ನು ಒಂದಿಷ್ಟು ತಿಳಿಗೊಳಿಸುತ್ತದೆ, ಒಳಗೆ ಹೋದ ಪುಟ್ಟ ಅಣುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಬೆಸೆದುಕೊಂಡವು ದಪ್ಪಗಾಗಿ, ಬಣ್ಣ ತಳೆದು, ಬಂದ ದಾರಿಯಲ್ಲಿ ಹೊರಬರಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ತಲೆ ತೊಳೆದರೂ ಹೋಗದಿರುವುದು ಅದಕ್ಕೇ. ಬುಡದಲ್ಲಿ ಬೆಳ್ಳಗೆ ಕಾಣುವುದು ಹೊಸದಾಗಿ ಬೆಳೆದ ಕೂದಲು.

ಈ ವಿಧಾನಕ್ಕೆ ಫ್ರಾನ್ಸಿನಲ್ಲಿ 1883ರಷ್ಟು ಹಿಂದೆಯೇ ಪೇಟೆಂಟ್ ಸಿಕ್ಕಿತ್ತು, ಶುಯೆಲ್ಲರ್ ಆಗಿನ್ನೂ ಎರಡು ವರ್ಷದ ಮಗು. ಹಾಗಾಗಿ 'ಹೇರ್ ಡೈ ಕಂಡುಹಿಡಿದವನು' ಎಂದು ಅವನನ್ನು ಕರೆಯುವುದು ತಪ್ಪು. ಸಲೂನಿನಲ್ಲಿ ನೆಚ್ಚಿಕೊಂಡು ಬಳಸಬಹುದಾದ ಸರಕನ್ನಾಗಿ ಮಾಡಿ ಮಾರಿದವನು ಎನ್ನಿ.

ಈ ಅಣು ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಮುಖದ ಬಾವು ಬರುತ್ತದೆ. ಪ್ಯಾಕೆಟ್ಟಿನ ಮೇಲೆ 48 ಗಂಟೆ ಮೊದಲು ಚರ್ಮಕ್ಕೆ ಹಚ್ಚಿ ನೋಡಿ ಎಂದು ಬರೆದಿರುತ್ತದಲ್ಲ, ಓದದೆ ಹರಿದು ಬಿಸಾಡುತ್ತೇವಲ್ಲ, ಅದು ಈ ಕಾರಣಕ್ಕೆ. ಐದೇ ನಿಮಿಷದಲ್ಲಿ ಕಪ್ಪಗೆ ಹಿಡಿಯುವ 'ಕಪ್ಪು ಮೆಹಂದಿ'ಯಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ, ಗಿಡದ ಸೊಪ್ಪಿಗೆ ಆ ಬಣ್ಣ ಬಾರದು.

'ಬಿಕಾಸ್ ಯು ಆರ್ ವರ್ತ್ ಇಟ್' ಅನ್ನೋ ಮಾತು ಬರೆದವರು ಯಾರು?

ಇಲಾನ್ ಸ್ಪೆಕ್ಟ್. ನ್ಯೂಯಾರ್ಕಿನ ಮ್ಯಾಕ್‌ಕ್ಯಾನ್ ಜಾಹೀರಾತು ಸಂಸ್ಥೆಯಲ್ಲಿ 1970ರ ದಶಕದ ಆರಂಭದಲ್ಲಿ ಕೆಲಸ ಮಾಡುತ್ತಿದ್ದ, ಇಪ್ಪತ್ತರ ಆಸುಪಾಸಿನ ಹುಡುಗಿ. 'ಪ್ರಿಫರೆನ್ಸ್' ಎಂಬ ಹೇರ್ ಕಲರ್‌ಗೆ ಜಾಹೀರಾತು ಬೇಕಿತ್ತು. ಎದುರಾಳಿ ಕ್ಲೈರಾಲ್‌ಗಿಂತ ಅದರ ಬೆಲೆ ಜಾಸ್ತಿ, ಆ ಜಾಸ್ತಿಗೊಂದು ಸಮರ್ಥನೆ ಹುಡುಕಬೇಕು. ಜೊತೆಗಿದ್ದ ಗಂಡಸರು ಕಿಟಕಿಯ ಬಳಿ ಕೂತ ಹೆಣ್ಣನ್ನು ಗಂಡಿನ ಕಣ್ಣಿಗೆ ಚಂದ ಕಾಣಿಸುವ ಬಗೆ ಯೋಚಿಸುತ್ತಿದ್ದರಂತೆ. ಆಕೆಗೆ ಸಿಟ್ಟು ಬಂದು ಕೂತಲ್ಲೇ ಬರೆದುಕೊಟ್ಟದ್ದು: ಬೆಲೆ ಹೆಚ್ಚಾದರೂ ಕೊಳ್ಳುತ್ತೇನೆ, ಯಾಕೆಂದರೆ ಆ ಯೋಗ್ಯತೆ ನನಗಿದೆ.

ಮೂಲದಲ್ಲಿದ್ದದ್ದು 'ನನಗೆ', ನಿಮಗೆ ಅಲ್ಲ. ಹೆಂಗಸೇ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಆಮೇಲೆ ಅದು 'ನಿಮಗೆ' ಆಯಿತು, 'ನಮಗೆ' ಆಯಿತು. ನನ್ನ ಕೇಳಿದರೆ 'ನಿಮಗೆ' ಆದ ಕೂಡಲೇ ಮಾತಿನ ಖಾರ ಹೋಯಿತು. ಸ್ವಂತ ಯೋಗ್ಯತೆಯ ಪ್ರಮಾಣಪತ್ರವನ್ನು ಅಂಗಡಿಯವನಿಂದ ಪಡೆದ ಹಾಗೆ.

ಇಂಡಿಯಾಕ್ಕೆ ಯಾವಾಗ ಬಂದ್ರು? ಬೆಂಗಳೂರಿಗೂ ಏನೋ ಸಂಬಂಧ ಇದೆಯಂತೆ?

1991ರಲ್ಲಿ ಪಾಲುದಾರಿಕೆಯ ಮೂಲಕ, ಗಾರ್ನಿಯರ್ ಹೆಸರಿನ ಶಾಂಪೂ ಹಿಡಿದುಕೊಂಡು ಬಂದರು. 1994ರಲ್ಲಿ ಪೂರ್ತಿ ತಮ್ಮದೇ ಶಾಖೆ ಮಾಡಿಕೊಂಡರು. ಪುಣೆ ಹತ್ತಿರದ ಚಾಕಣದಲ್ಲಿ ಕಾರ್ಖಾನೆ ಇದೆ. 2013ರಲ್ಲಿ ಮುಂಬೈ ಮತ್ತು ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದರು. ಪ್ಯಾರಿಸ್ಸಿನ ತೆಳು ಕೂದಲಿಗೆ ಮಾಡಿದ ಸೂತ್ರ ನಮ್ಮ ದಪ್ಪ ಕಪ್ಪು ಕೂದಲಿಗೆ, ಎಣ್ಣೆ ಹಚ್ಚುವ ಅಭ್ಯಾಸಕ್ಕೆ, ಬೋರ್‌ವೆಲ್ಲಿನ ಗಡಸು ನೀರಿಗೆ ಹೊಂದುವುದಿಲ್ಲ.

ಇನ್ನೊಂದು ನಂಟು 2003ರಿಂದ ಇವರ ಪ್ರಚಾರ ರಾಯಭಾರಿಯಾದ ಐಶ್ವರ್ಯಾ ರೈ ಅವರದು. ಅವರು ಹುಟ್ಟಿದ್ದು ಮಂಗಳೂರಿನಲ್ಲಿ, ಮನೆಮಾತು ತುಳು. ಹಾಗೆಯೇ ಯುನೆಸ್ಕೋ ಜೊತೆ ಸೇರಿ 1998ರಿಂದ ವಿಜ್ಞಾನಿ ಮಹಿಳೆಯರಿಗೆ ಇವರು ಕೊಡುವ ಪ್ರಶಸ್ತಿಯನ್ನು 2002ರಲ್ಲಿ ಪಡೆದವರಲ್ಲಿ ಕುಷ್ಠರೋಗದ ಮೇಲೆ ಕೆಲಸ ಮಾಡಿದ ನಮ್ಮ ಇಂದಿರಾ ನಾಥ್ ಒಬ್ಬರು.

ಪ್ರಾಣಿಗಳ ಮೇಲೆ ಪರೀಕ್ಷೆ ಮಾಡ್ತಾರಾ ಇಲ್ಲವಾ? ನೇರವಾಗಿ ಹೇಳಿ.

ತಯಾರಾದ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 1989ರಲ್ಲೇ ನಿಲ್ಲಿಸಿದ್ದಾಗಿ ಕಂಪನಿ ಹೇಳುತ್ತದೆ. 1979ರಿಂದ ಪ್ರಯೋಗಶಾಲೆಯಲ್ಲಿ ಮನುಷ್ಯರ ಚರ್ಮ ಬೆಳೆಸುತ್ತಿದ್ದಾರೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ತೆಗೆದು ಬಿಸಾಡುವ ಚರ್ಮದ ಜೀವಕೋಶಗಳಿಂದ ಬೆಳೆಸಿದ ಪದರ ಅದು, 'ಎಪಿಸ್ಕಿನ್' ಅದರ ಹೆಸರು. ಯೂರೋಪಿನ ನಿಷೇಧ 2013ಕ್ಕೆ ಪೂರ್ಣವಾಯಿತು, ಭಾರತದಲ್ಲಿ 2014ರಿಂದ ನಿಷೇಧವಿದೆ. ತಕರಾರು ಇದ್ದದ್ದು ಚೀನಾದ ಬಗ್ಗೆ. ಆಮದಾದ ಸೌಂದರ್ಯವರ್ಧಕಗಳಿಗೆ ಅಲ್ಲಿನ ಸರ್ಕಾರವೇ ಪ್ರಾಣಿಪರೀಕ್ಷೆ ಕಡ್ಡಾಯ ಮಾಡಿತ್ತು, ಇವರು ಆ ಮಾರುಕಟ್ಟೆ ಬಿಡಲಿಲ್ಲ. 2021ರಲ್ಲಿ ಚೀನಾ ಸಾಮಾನ್ಯ ವಸ್ತುಗಳಿಗೆ ಆ ನಿಯಮ ಸಡಿಲಿಸಿತು. ಹೇರ್ ಡೈಯನ್ನು ಅಲ್ಲಿ 'ವಿಶೇಷ' ವರ್ಗಕ್ಕೆ ಹಾಕಿರುವುದರಿಂದ ಆ ಸಡಿಲಿಕೆ ಅದಕ್ಕೆ ಸಿಗಲಿಲ್ಲ.

## ಮುಜುಗರದ ಪ್ರಶ್ನೆಗಳು

ಸ್ಥಾಪಕ ನಾಜಿಗಳ ಕಡೆ ಇದ್ದ ಅನ್ನೋದು ನಿಜವಾ, ಇಲ್ಲ ಯಾರೋ ಹಬ್ಬಿಸಿದ್ದಾ?

ಹಬ್ಬಿಸಿದ್ದಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಗಣರಾಜ್ಯವನ್ನೇ ಉರುಳಿಸಲು ಹೊಂಚುಹಾಕಿದ 'ಕಾಗೂಲ್' ಎಂಬ ಗುಪ್ತಕೂಟದ ಮುಂದಾಳು ಯೂಜೀನ್ ದೆಲೋಂಕ್ಲ್‌ನ ಜೊತೆ ಶುಯೆಲ್ಲರ್‌ಗೆ ಒಡನಾಟವಿತ್ತು. 1940ರಲ್ಲಿ ಜರ್ಮನರು ಪ್ಯಾರಿಸ್ ಹಿಡಿದ ಮೇಲೆ ಅದೇ ದೆಲೋಂಕ್ಲ್ ಹೊಸ ಪಕ್ಷ ಕಟ್ಟಿದ. ಅದರ ಆರ್ಥಿಕ ಚಿಂತಕನಾಗಿ ಶುಯೆಲ್ಲರ್ ಬಹಿರಂಗವಾಗೇ ಸೇರಿದ, ರುವಾಯಾಲ್ ಬೀದಿಯ ಲೋರಿಯಲ್ ಕಚೇರಿಯಲ್ಲಿ ಪಕ್ಷದ ಸಭೆಗಳು ನಡೆದವು. 1941ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಯಹೂದಿ ಪ್ರಾರ್ಥನಾ ಮಂದಿರಗಳಿಗೆ ಬಾಂಬ್ ಇಟ್ಟದ್ದು ಈ ಪಕ್ಷದ ಜನ.

ಯುದ್ಧ ಮುಗಿದ ಮೇಲೆ ಶುಯೆಲ್ಲರ್ ವಿಚಾರಣೆಗೆ ನಿಲ್ಲಬೇಕಾಯಿತು. ಅಷ್ಟರಲ್ಲಿ ಕೆಲವರನ್ನು ಜರ್ಮನರಿಂದ ಉಳಿಸಿದ್ದ ಎಂದೂ, ಪ್ರತಿರೋಧ ಚಳವಳಿಗೆ ನೆರವಾಗಿದ್ದ ಎಂದೂ ಸಾಕ್ಷಿ ಹೇಳುವವರು ಸಿಕ್ಕರು. 1948ರ ಹೊತ್ತಿಗೆ ಎಲ್ಲದರಿಂದ ಪಾರಾಗಿದ್ದ. ಗಾಳಿ ಬಂದತ್ತ ತೂರಿಕೊಂಡ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಬಳ ಹೇಗಿರಬೇಕು, ತೆರಿಗೆ ಹೇಗಿರಬೇಕು ಎಂದು ಪುಸ್ತಕಗಳನ್ನೇ ಬರೆದ ಮನುಷ್ಯ ಅವನು. ತನ್ನ ಸೂತ್ರದಿಂದ ಕೂದಲಿನಂತೆ ದೇಶವನ್ನೂ ಸರಿಮಾಡಬಹುದೆಂದು ನಂಬಿದ್ದ, ಆ ಸೂತ್ರಕ್ಕೆ ಯಾರು ಕಿವಿಗೊಟ್ಟರೋ ಅವರ ಜೊತೆ ಹೋದ. ಅದು ಅವನ ತಪ್ಪನ್ನು ಕಡಿಮೆ ಮಾಡುವುದಿಲ್ಲ.

ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಬ್ಯೂಟಿ ಮ್ಯಾಗಜೀನ್ ಎಡಿಟರ್ ಆಗಿದ್ದರಂತೆ?

ಆಗಿದ್ದರು. ಶುಯೆಲ್ಲರ್ 1933ರಲ್ಲಿ 'ವೋತ್ರ್ ಬೋತೇ' ಎಂಬ ಮಹಿಳಾ ಪತ್ರಿಕೆ ಹೊರತಂದಿದ್ದ, 'ನಿಮ್ಮ ಸೌಂದರ್ಯ' ಎಂದು ಅದರ ಅರ್ಥ. ಯುದ್ಧ ಮುಗಿದೊಡನೆ ಕೆಲಸವಿಲ್ಲದೆ ಕೂತಿದ್ದ ಫ್ರಾನ್ಸ್ವಾ ಮಿತ್ತೆರಾಂಗೆ ಅದರ ಸಂಪಾದಕತ್ವ ಸಿಕ್ಕಿತು. ಕೊಡಿಸಿದ್ದು ಹಾಸ್ಟೆಲ್ ಗೆಳೆತನ. ಪ್ಯಾರಿಸ್ಸಿನ ವೋಜಿರಾರ್ ಬೀದಿಯ 104ನೇ ನಂಬರಿನ ಕ್ಯಾಥೊಲಿಕ್ ವಿದ್ಯಾರ್ಥಿ ನಿಲಯದಲ್ಲಿ ಮಿತ್ತೆರಾಂ, ಫ್ರಾನ್ಸ್ವಾ ದಾಲ್, ಆಂದ್ರೆ ಬೆತಾಂಕೂರ್ ಮೂವರೂ ಇದ್ದರು. ದಾಲ್ ಮುಂದೆ ಲೋರಿಯಲ್ ಮುಖ್ಯಸ್ಥನಾದ. ಬೆತಾಂಕೂರ್ 1950ರಲ್ಲಿ ಶುಯೆಲ್ಲರ್‌ನ ಒಬ್ಬಳೇ ಮಗಳು ಲಿಲಿಯಾನ್‌ಳನ್ನು ಮದುವೆಯಾಗಿ ಮಂತ್ರಿಯೂ ಆದ. ಮಿತ್ತೆರಾಂ ಆ ಕುರ್ಚಿಯಲ್ಲಿ ಬಹಳ ದಿನ ಕೂರಲಿಲ್ಲ, 1946ರಲ್ಲಿ ಚುನಾವಣೆ ಗೆದ್ದು ಹೋದರು.

ಯುದ್ಧ ಮುಗಿದು ಅಷ್ಟು ವರ್ಷ ಆದಮೇಲೆ, 1991ರಲ್ಲಿ ಮತ್ತೆ ಗಲಾಟೆ ಎದ್ದದ್ದು ಯಾಕೆ?

ಹಳೆಯ ಕಾಗೂಲ್ ಸದಸ್ಯ ಜಾಕ್ ಕೊರೆಜ್‌ನಿಂದ. ಯುದ್ಧಕಾಲದಲ್ಲಿ ಪ್ಯಾರಿಸ್ಸಿನ ಯಹೂದಿಗಳ ಆಸ್ತಿ ಕಿತ್ತುಕೊಳ್ಳುವುದರಲ್ಲಿ ಮುಂದಿದ್ದವನು. ಜೈಲಿನಿಂದ ಬಂದವನಿಗೆ ಲೋರಿಯಲ್ ಕೆಲಸ ಕೊಟ್ಟಿತು. ಅಮೆರಿಕದಲ್ಲಿ ಇವರ ಸರಕು ಮಾರುತ್ತಿದ್ದ ಕಾಸ್ಮೇರ್ ಸಂಸ್ಥೆಯ ಮುಖ್ಯಸ್ಥನಾಗಿ ಬೆಳೆದ. 1988ರಲ್ಲಿ ಲೋರಿಯಲ್ ತನ್ನದಾಗಿಸಿಕೊಂಡ ಹೆಲೆನಾ ರೂಬಿನ್‌ಸ್ಟೈನ್ ಕಂಪನಿ ಪೋಲೆಂಡಿನ ಯಹೂದಿ ಹೆಣ್ಣುಮಗಳು ಕಟ್ಟಿದ್ದು. ಆ ಖರೀದಿಯಲ್ಲಿ ಕೊರೆಜ್‌ನ ಕೈ ಇತ್ತೆಂದು ಗೊತ್ತಾದಾಗ ಅವನ ಹಳೆಯ ಕಡತಗಳನ್ನು ಜನ ತೆರೆದರು. 1991ರಲ್ಲಿ ರಾಜೀನಾಮೆ ಕೊಟ್ಟು ಅದೇ ವರ್ಷ ತೀರಿಕೊಂಡ. ಅದರ ಬೆನ್ನಿಗೇ ಆಂದ್ರೆ ಬೆತಾಂಕೂರ್ 1941-42ರಲ್ಲಿ ಒಂದು ಪತ್ರಿಕೆಗೆ ಬರೆದ ಯಹೂದಿವಿರೋಧಿ ಲೇಖನಗಳು ಬೆಳಕಿಗೆ ಬಂದವು. ಆತ ಕ್ಷಮೆ ಕೇಳಬೇಕಾಯಿತು.

ಮ್ಯಾಗಿ ಮಾಡುವ ನೆಸ್ಲೆಗೂ ಹೇರ್ ಡೈಗೂ ಎಲ್ಲಿಂದೆಲ್ಲಿಯ ಸಂಬಂಧ?

ಭಯದ ಸಂಬಂಧ. 1972ರಲ್ಲಿ ಫ್ರಾನ್ಸಿನ ಸಮಾಜವಾದಿಗಳೂ ಕಮ್ಯುನಿಸ್ಟರೂ ಸೇರಿ ಬರೆದ ಕಾರ್ಯಕ್ರಮದಲ್ಲಿ ದೊಡ್ಡ ಕಂಪನಿಗಳ ರಾಷ್ಟ್ರೀಕರಣ ಇತ್ತು. 1974ರ ಅಧ್ಯಕ್ಷ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಕೂದಲೆಳೆಯಲ್ಲಿ ಸೋತ. ಅದೇ ವರ್ಷ ಲಿಲಿಯಾನ್ ಬೆತಾಂಕೂರ್ ತನ್ನ ಪಾಲಿನ ಸುಮಾರು ಅರ್ಧವನ್ನು ಸ್ವಿಟ್ಜರ್ಲೆಂಡಿನ ನೆಸ್ಲೆಗೆ ಕೊಟ್ಟು, ಬದಲಿಗೆ ನೆಸ್ಲೆಯ ಶೇ. 3ರಷ್ಟು ಷೇರು ಪಡೆದಳು. ಎರಡೂ ಕಡೆಯವರು ಸೇರಿ ಕಟ್ಟಿದ 'ಜೆಸ್ಪರಾಲ್' ಎಂಬ ಸಂಸ್ಥೆಯಲ್ಲಿ ಆಕೆಗೆ ಶೇ. 51, ನೆಸ್ಲೆಗೆ ಶೇ. 49. ವಿದೇಶಿ ಪಾಲುದಾರ ಒಳಗಿದ್ದರೆ ಸರ್ಕಾರ ಕೈಹಾಕಲು ಹಿಂದೆಮುಂದೆ ನೋಡುತ್ತದೆ ಎಂಬ ಲೆಕ್ಕ.

1974ರಲ್ಲಿ ಸೋತ ಆ ಅಭ್ಯರ್ಥಿ ಬೇರೆ ಯಾರೂ ಅಲ್ಲ, ಇದೇ ಕಂಪನಿಯ ಸಂಬಳ ತಿಂದಿದ್ದ ಮಿತ್ತೆರಾಂ. 1981ರಲ್ಲಿ ಗೆದ್ದು ಬ್ಯಾಂಕುಗಳನ್ನೂ ದೊಡ್ಡ ಉದ್ಯಮಗಳನ್ನೂ ರಾಷ್ಟ್ರೀಕರಣ ಮಾಡಿದರು, ಲೋರಿಯಲ್ ಪಟ್ಟಿಯಲ್ಲಿರಲಿಲ್ಲ. 2014ರಲ್ಲಿ ಶೇ. 8, 2021ರಲ್ಲಿ 890 ಕೋಟಿ ಯೂರೋ ಕೊಟ್ಟು ಶೇ. 4ರಷ್ಟು ಷೇರುಗಳನ್ನು ಲೋರಿಯಲ್ ನೆಸ್ಲೆಯಿಂದ ವಾಪಸ್ ಕೊಂಡಿತು. ನೆಸ್ಲೆಯ ಪಾಲು ಸುಮಾರು ಶೇ. 20ಕ್ಕೆ ಇಳಿಯಿತು. ಕುಟುಂಬದ್ದು ಸುಮಾರು ಶೇ. 35.

ನೂರಕ್ಕೂ ಹೆಚ್ಚು ವರ್ಷದಲ್ಲಿ ಎಷ್ಟು ಜನ ಮುಖ್ಯಸ್ಥರು ಬಂದು ಹೋದರು?

ಆರೇ ಜನ. ಶುಯೆಲ್ಲರ್ (1957ರಲ್ಲಿ ಸಾಯುವವರೆಗೆ), ದಾಲ್, ಶಾರ್ಲ್ ಜ್ವಿಯಾಕ್, ಬ್ರಿಟನ್ನಿನ ಲಿಂಡ್ಸೆ ಓವನ್-ಜೋನ್ಸ್, ಜಾಂ-ಪಾಲ್ ಅಗೋಂ, 2021ರಿಂದ ನಿಕೊಲಾ ಇಯೆರೊನಿಮುಸ್. ಮಗಳು ಲಿಲಿಯಾನ್ 15ನೇ ವಯಸ್ಸಿಗೇ ರಜೆಯಲ್ಲಿ ಕಾರ್ಖಾನೆಗೆ ಹೋಗಿ ಬಾಟಲಿಗೆ ಚೀಟಿ ಅಂಟಿಸಿದವಳು, ಆದರೆ ಮುಖ್ಯಸ್ಥೆಯಾಗಲಿಲ್ಲ. ಹೆಂಗಸರಿಗೆ ಮಾರಿ ಬದುಕಿದ ಕಂಪನಿಯ ಈ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ.

ಬೆತಾಂಕೂರ್ ಕೇಸ್ ಅಂತ ಪೇಪರಿನಲ್ಲಿ ಓದಿದ್ದೆ, ತಾಯಿ ಮೇಲೆ ಮಗಳೇ ಕೇಸ್ ಹಾಕಿದ್ದಾ?

ತಾಯಿಯ ಮೇಲಲ್ಲ, ತಾಯಿಯ ಗೆಳೆಯನ ಮೇಲೆ. ಛಾಯಾಗ್ರಾಹಕ ಫ್ರಾನ್ಸ್ವಾ-ಮರೀ ಬಾನಿಯೇಗೆ ಲಿಲಿಯಾನ್ ಕೊಟ್ಟ ಉಡುಗೊರೆಗಳ ಬೆಲೆ ಸುಮಾರು ನೂರು ಕೋಟಿ ಯೂರೋ ಎಂಬ ಲೆಕ್ಕ ಹೊರಬಿತ್ತು. ವಿಮೆ, ಪಿಕಾಸೊ ಮತ್ತು ಮಾತೀಸ್ ಚಿತ್ರಗಳು, ಎಲ್ಲ ಸೇರಿ. ವಯಸ್ಸಾದ ತಾಯಿಯ ದುರ್ಬಲತೆಯನ್ನು ದುರುಪಯೋಗ ಮಾಡಿಕೊಂಡಿದ್ದಾನೆ ಎಂದು ಮಗಳು ಫ್ರಾನ್ಸ್ವಾಸ್ 2007ರ ಡಿಸೆಂಬರಿನಲ್ಲಿ ದೂರು ಕೊಟ್ಟಳು. 2010ರಲ್ಲಿ ಮನೆಯ ಬಟ್ಲರ್ ಗುಟ್ಟಾಗಿ ಮಾಡಿದ್ದ ಧ್ವನಿಮುದ್ರಣಗಳು ಹೊರಬಂದ ಮೇಲೆ ಮನೆಜಗಳ ಸರ್ಕಾರದ ಜಗಳವಾಯಿತು. ತೆರಿಗೆ ತಪ್ಪಿಸಿ ಸ್ವಿಟ್ಜರ್ಲೆಂಡಿನಲ್ಲಿಟ್ಟ ಹಣ, ರಾಜಕಾರಣಿಗಳಿಗೆ ಕೊಟ್ಟ ದೇಣಿಗೆ, ಎಲ್ಲವೂ ಅದರಲ್ಲಿತ್ತು. ಮಂತ್ರಿ ಎರಿಕ್ ವೋರ್ತ್ ವಿಚಾರಣೆ ಎದುರಿಸಿ 2015ರಲ್ಲಿ ಖುಲಾಸೆಯಾದರು. ಮಾಜಿ ಅಧ್ಯಕ್ಷ ಸಾರ್ಕೋಜಿ ಮೇಲಿನ ಆರೋಪ 2013ರಲ್ಲೇ ಬಿದ್ದುಹೋಯಿತು. ಬಾನಿಯೇಗೆ 2015ರಲ್ಲಿ ಜೈಲು ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿಯಲ್ಲಿ ತಪ್ಪಿತಸ್ಥ ಎಂಬುದು ಉಳಿದು ಜೈಲುವಾಸ ತಪ್ಪಿತು.

ಲಿಲಿಯಾನ್ 2017ರಲ್ಲಿ 94ನೇ ವಯಸ್ಸಿಗೆ ತೀರಿಕೊಂಡಳು. ಫ್ರಾನ್ಸ್ವಾಸ್ 2023ರ ಕೊನೆಯಲ್ಲಿ ಹತ್ತು ಸಾವಿರ ಕೋಟಿ ಡಾಲರ್ ಆಸ್ತಿ ಮುಟ್ಟಿದ ಜಗತ್ತಿನ ಮೊದಲ ಹೆಂಗಸೆಂದು ಸುದ್ದಿಯಾದಳು.

ಮೊದಲ ಹೆಸರಿನಲ್ಲಿದ್ದ 'ಅಪಾಯವಿಲ್ಲದ' ಅನ್ನೋ ಮಾತು ಈಗಲೂ ಸಲ್ಲುತ್ತದಾ?

ಇದು ಈಗ ಅಮೆರಿಕದ ಕೋರ್ಟಿನ ಮುಂದಿರುವ ಪ್ರಶ್ನೆ. ಹೇರ್ ಡೈ ಬಗ್ಗೆ ಅಲ್ಲ, ಗುಂಗುರು ಕೂದಲನ್ನು ರಾಸಾಯನಿಕದಿಂದ ನೇರ ಮಾಡುವ ರಿಲ್ಯಾಕ್ಸರ್‌ಗಳ ಬಗ್ಗೆ. ಅವುಗಳ ಮುಖ್ಯ ಗಿರಾಕಿಗಳು ಕಪ್ಪು ಜನಾಂಗದ ಹೆಂಗಸರು. ಅಂಥ 'ಡಾರ್ಕ್ ಅಂಡ್ ಲವ್ಲಿ' ಬ್ರ್ಯಾಂಡ್ 2000ದಲ್ಲಿ ಲೋರಿಯಲ್ ಕೈಗೆ ಬಂದದ್ದು.

2022ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧಕರ ಅಧ್ಯಯನವೊಂದು ಪ್ರಕಟವಾಯಿತು. 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದಾಗ 378 ಜನರಿಗೆ ಗರ್ಭಕೋಶದ ಕ್ಯಾನ್ಸರ್ ಬಂದಿತ್ತು. ಕೂದಲು ನೇರ ಮಾಡಿಸದವರಲ್ಲಿ 70 ವರ್ಷದೊಳಗೆ ಅದು ಬರುವ ಸಾಧ್ಯತೆ ಶೇ. 1.64, ಮೇಲಿಂದ ಮೇಲೆ ಮಾಡಿಸಿದವರಲ್ಲಿ ಶೇ. 4.05. ಅದೇ ಅಧ್ಯಯನದಲ್ಲಿ ಹೇರ್ ಡೈಗೂ ಈ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ನಂಟು ಕಂಡಿತೆಂದರೆ ಕಾರಣ ಸಾಬೀತಾಯಿತೆಂದಲ್ಲ, ಇಂಥ ಅಧ್ಯಯನದ ಮಿತಿಯೇ ಅದು. ಆದರೂ ಮೊಕದ್ದಮೆಗಳು ಸಾಲುಗಟ್ಟಿದವು. ಲೋರಿಯಲ್ ಮತ್ತು ಇತರ ಹಲವು ಕಂಪನಿಗಳ ವಿರುದ್ಧ ಸಾವಿರಾರು ಹೆಂಗಸರು ಹೂಡಿದ ದಾವೆಗಳನ್ನು 2023ರಲ್ಲಿ ಷಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಟ್ಟುಮಾಡಲಾಯಿತು. ತನ್ನ ವಸ್ತುಗಳು ಸುರಕ್ಷಿತ ಎಂಬುದೇ ಲೋರಿಯಲ್‌ನ ವಾದ. 1909ರಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಈಗ ವಕೀಲರು ಹೇಳುತ್ತಿದ್ದಾರೆ.